ಹೆಸರು ಹಡಗೇರಿತು

ನಮ್ಮ ಇಳಕಲ್ ಸೀರೆ ಈಗ ಜಾಗತಿಕವಾಗಿದೆಯಂತೆ. ಆಗಸ್ಟ್ 7 ಬಂತೆಂದರೆ ಈ ಮಾತು ಯಾವುದಾದರೊಂದು ವೇದಿಕೆಯ ಮೇಲಿಂದ ಕೇಳಿಬರುತ್ತದೆ. 2015ರಿಂದ ಆ ದಿನವನ್ನು ರಾಷ್ಟ್ರೀಯ ಕೈಮಗ್ಗ ದಿನವೆಂದು ಆಚರಿಸುತ್ತಿದ್ದಾರಲ್ಲ. ಹೇಳುವವರು ಹೆಚ್ಚಾಗಿ ಗಂಡಸರು. ಕೇಳುವವರು ಆ ದಿನದ ಮಟ್ಟಿಗೆ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು ಬಂದ ನಾವು ಹೆಂಗಸರು. ಚಪ್ಪಾಳೆ ಬೀಳುತ್ತದೆ. ನಾನು ತಟ್ಟುವುದಿಲ್ಲ. ಸೊಕ್ಕಿನಿಂದಲ್ಲ. ಜಾಗತಿಕವಾದದ್ದು ಸೀರೆಯೋ, ಬರೀ ಸೀರೆಯ ಹೆಸರೋ ಎಂದು ಕೇಳಿದರೆ ಆ ವೇದಿಕೆಯಿಂದ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪರದೇಶದ ವ್ಯಾಪಾರ ಎಂದಕೂಡಲೇ ಹೌಹಾರುವ ಪೈಕಿ ನಾನಲ್ಲ. ಹುನಗುಂದದ ಸೀಮೆಯವರಿಗೆ ಹಾಗೆ ಹೌಹಾರಲು ಬರುವುದೂ ಇಲ್ಲ. ನಮ್ಮ ಐಹೊಳೆಯ ಹೆಸರು ಹೊತ್ತ ವರ್ತಕರ ಸಂಘ, ಅಯ್ಯಾವೊಳೆ ಐನೂರ್ವರು, ಸಾವಿರ ವರ್ಷದ ಹಿಂದೆಯೇ ನೆಲದ ದಾರಿ, ನೀರಿನ ದಾರಿ ಎರಡನ್ನೂ ತುಳಿದವರು. ಅತ್ತ ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲಿ ಐನೂರ್ವರ ಹೆಸರಿದೆ. ಮಲಪ್ರಭೆಯ ದಂಡೆಯ ಒಂದು ಹಳ್ಳಿಯ ಹೆಸರು ಸಮುದ್ರ ದಾಟಿ ಅಷ್ಟು ದೂರದ ಕಲ್ಲಿನ ಮೇಲೆ ಕೂತಿತ್ತು ಎಂದರೆ ಯಾರಿಗೆ ಹೆಮ್ಮೆಯಾಗುವುದಿಲ್ಲ? ಆದರೆ ಒಂದು ವ್ಯತ್ಯಾಸ ನೆನಪಿರಲಿ. ಅವರು ಹೋದದ್ದು ತಾವೇ ಕಟ್ಟಿಕೊಂಡ ಕಟ್ಟಳೆಯ ಮೇಲೆ. ಬಣಂಜು ಧರ್ಮ ಎಂದು ಅದಕ್ಕೊಂದು ಹೆಸರೂ ಇತ್ತು. ಇವತ್ತು ಕಟ್ಟಳೆ ಬರೆಯುವ ಊರೇ ಬೇರೆ, ಅದಕ್ಕೆ ತಲೆ ಕೊಡುವ ಊರೇ ಬೇರೆ.

ಇನ್ನು ನಮ್ಮ ಸೀರೆಯೇನು ಮಡಿಯುಟ್ಟು ಮೂಲೆಯಲ್ಲಿ ಕೂತದ್ದೇ? ಅದರ ಸೆರಗಿಗೆ ಹಾಕುವ ಚಮಕಾ, ಅಂದರೆ ಕೃತಕ ರೇಷ್ಮೆ, ಪರದೇಶದ ವಿದ್ಯೆ. ಭಾರತದಲ್ಲಿ ರೇಯಾನ್ ನೂಲು ತಯಾರಾಗತೊಡಗಿದ್ದು 1950ರಲ್ಲಿ. ಅದಕ್ಕೂ ಮುಂಚೆ ಈ ದೇಶದ ಮಗ್ಗಗಳಿಗೆ ಸಿಕ್ಕ ಕೃತಕ ರೇಷ್ಮೆಯೆಲ್ಲ ಹಡಗಿನಲ್ಲೇ ಬಂದದ್ದು. ಬೇರು, ತೊಗಟೆಗಳಿಂದ ತೆಗೆಯುತ್ತಿದ್ದ ಕೆಂಪನ್ನು ಜರ್ಮನಿಯ ರಸಾಯನದ ಕೆಂಪು ಹಿಂದೆ ತಳ್ಳತೊಡಗಿದ್ದು ಇನ್ನೂ ಮೊದಲು, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ನೇಕಾರರು ಅದನ್ನೆಲ್ಲ ತಮ್ಮ ಕುಣಿಮಗ್ಗಕ್ಕೆ ಇಳಿಸಿಕೊಂಡು ತಮ್ಮದಾಗಿಸಿಕೊಂಡರು. ಆದ್ದರಿಂದ ದೇಶಿ, ಪರದೇಶಿ ಎಂಬ ಶುದ್ಧಿಯ ಜಗಳ ನನಗೆ ಬೇಡ. ನನ್ನ ತಕರಾರು ಲೆಕ್ಕದ್ದು.

ಸೀರೆ ಉಡುವ ಎಷ್ಟೋ ಜನರಿಗೆ ಅದರ ಮರ್ಮ ಗೊತ್ತಿರುವುದಿಲ್ಲ, ಅವರಿಗಾಗಿ ಎರಡು ಮಾತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹೆಚ್ಚಾಗಿ ಹತ್ತಿಯದು, ಸೆರಗು ರೇಷ್ಮೆಯದು ಇಲ್ಲವೆ ಚಮಕಾದ್ದು. ಈ ಎರಡು ಹಾಸುಗಳ ಎಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಬೇಕು. ತೋಪುತೆನಿ ಸೆರಗಿನ ಗುಟ್ಟೆಲ್ಲ ಈ ಕೊಂಡಿಯಲ್ಲಿದೆ. ಒಂದು ಸೀರೆಗೆ ಒಂದು ಹಾಸು. ಅದು ಮುಗಿದರೆ ಮತ್ತೆ ಮೊದಲಿನಿಂದ. ನೂರಾರು ಗಜದ ಹಾಸು ಸುತ್ತಿಕೊಂಡು ಓಡುವ ಪವರ್‌ಲೂಮಿಗೆ ಹೀಗೆ ಸೀರೆಗೊಮ್ಮೆ ನಿಂತು ಕೊಂಡಿ ಹಾಕುವ ಪುರುಸೊತ್ತಿಲ್ಲ. ಸೆರಗಿನ ಕೆಂಪಿನಲ್ಲಿ ಬಿಳಿಯ ಹಣಿಗೆ ಹಲ್ಲು, ಜೋಳದ ತೆನೆ, ಕೋಟೆಯ ತೆನೆ. ಅಂಚಿಗೆ ಗೋಮಿ, ಪರಾಸು, ಗಾಡಿ ಎಂಬ ಹೆಸರುಗಳು. ಚಂದ್ರಕಾಳಿಯ ಕಪ್ಪು, ಗಿರಿಕುಂಕುಮದ ಕೆಂಪು. ನಮ್ಮ ಅಜ್ಜಿಯರು ಇವನ್ನು ಮಕ್ಕಳ ಹೆಸರು ಕರೆದಂತೆ ಕರೆಯುತ್ತಿದ್ದರು.

ಇದರಲ್ಲಿ ಹೆಣ್ಣಿನ ಪಾಲು ಎಷ್ಟು ನೋಡಿ. ಲಡಿ ಬಿಡಿಸಬೇಕು, ಕಂಡಿಕೆ ಸುತ್ತಬೇಕು, ಹಾಸು ಹೂಡುವಾಗ ಎಳೆ ಹಿಡಿಯಬೇಕು, ಗಂಜಿ ಹಾಕುವಾಗ ಕೈಗೂಡಿಸಬೇಕು, ಕೊಂಡಿ ಹಾಕಲು ಕೂರಬೇಕು. ಲಾಳಿ ಓಡುವುದಕ್ಕೆ ಮೊದಲಿನ ಈ ಕೆಲಸ ಹೆಚ್ಚಾಗಿ ಮನೆಯ ಹೆಂಗಸರದು. ಎಷ್ಟೋ ಮನೆಗಳಲ್ಲಿ ಮಗ್ಗದ ಕುಣಿಗೆ ಇಳಿದು ನೇಯುವವಳೂ ಅವಳೇ. ಆದರೆ ಮಜೂರಿ ಕೊಡುವುದು ಸೀರೆಗೆ ಇಷ್ಟು ಎಂದು. ಕಂಡಿಕೆಗೆ ಬೇರೆ ಲೆಕ್ಕವಿಲ್ಲ, ಕೊಂಡಿಗೂ ಇಲ್ಲ. ರೊಟ್ಟಿ ಬಡಿದಂತೆ, ಕಸ ಹೊಡೆದಂತೆ ಅದೂ ಒಂದು ಮನೆಗೆಲಸ.

ನಾನು ಸಾಲಿ ಅಕ್ಕೋರು. 2001ರ ಫೆಬ್ರುವರಿಯಲ್ಲಿ ಜನಗಣತಿಯ ಫಾರ್ಮುಗಳನ್ನು ಚೀಲದಲ್ಲಿ ತುಂಬಿಕೊಂಡು ನೇಕಾರರ ಓಣಿಯೊಂದರಲ್ಲಿ ಮನೆ ಮನೆ ತಿರುಗಿದೆ. ಒಂದು ಮನೆಯಲ್ಲಿ ಯಜಮಾನ ತನ್ನ ಉದ್ಯೋಗ ನೇಯ್ಗೆ ಎಂದು ಬರೆಸಿದ. ಹೆಂಡತಿಯದು ಕೇಳಿದೆ.

"ಆಕಿ ಏನ ಮಾಡತಾಳ್ರೀ ಅಕ್ಕೋರ, ಮನ್ಯಾಗ ಇರತಾಳ" ಅಂದ.

ಆಕೆ ಅಲ್ಲೇ ರಾಟಿಯ ಮುಂದೆ ಕೂತಿದ್ದಳು. ತೊಡೆಯ ಮೇಲೆ ಕೂಸು, ಬೆರಳಲ್ಲಿ ನೂಲು. ನಾವು ಮಾತಾಡುತ್ತಿದ್ದಷ್ಟು ಹೊತ್ತಿನಲ್ಲಿ ನಾಲ್ಕು ಕಂಡಿಕೆ ತುಂಬಿ ಬುಟ್ಟಿಗೆ ಹಾಕಿದಳು. ಆ ಕಂಡಿಕೆ ಇಲ್ಲದಿದ್ದರೆ ಆತನ ಲಾಳಿ ಖಾಲಿ. ನಾನು ಆಕೆಯ ಹೆಸರಿನ ಮುಂದೆ ಗೃಹ ಕೈಗಾರಿಕೆಯ ಕೆಲಸಗಾರ್ತಿ ಎಂದು ಗುರುತು ಮಾಡಿದೆ. ಆತ ನಕ್ಕ. "ಬರೀರಿ ಬರೀರಿ, ಸರಕಾರ ಪಗಾರ ಕೊಟ್ಟರ ಚಲೋನ ಆತು." ಆಕೆ ನಗಲಿಲ್ಲ. ನನ್ನ ಪೆನ್ನಿನ ತುದಿಯನ್ನೇ ನೋಡುತ್ತಿದ್ದಳು.

ಅಂಕಿಸಂಖ್ಯೆ ಬೇಕೆನ್ನುವವರಿಗೆ ಅದೂ ಇದೆ. ದೇಶದಲ್ಲಿ ಮಗ್ಗ ಮತ್ತು ಮಗ್ಗಪೂರ್ವದ ಕೆಲಸ ಮಾಡುವವರು 2009-10ರ ಕೈಮಗ್ಗ ಗಣತಿಯಲ್ಲಿ 43.31 ಲಕ್ಷ ಇದ್ದರು, 2019-20ರ ಗಣತಿಯಲ್ಲಿ 35.22 ಲಕ್ಷಕ್ಕೆ ಇಳಿದರು. ಇವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಹೆಂಗಸರು. ಈಶಾನ್ಯ ರಾಜ್ಯಗಳ ಹೆಂಗಸರ ಪಾಲು ಅದರಲ್ಲಿ ದೊಡ್ಡದು ಎನ್ನುವುದು ನಿಜ, ಆದರೂ ಎಪ್ಪತ್ತು ಎಪ್ಪತ್ತೇ. ನೇಕಾರರ ಮನೆಗಳ ಪೈಕಿ ಮೂರರಲ್ಲಿ ಎರಡು ಪಾಲು ತಿಂಗಳಿಗೆ 5,000 ರೂಪಾಯಿಗಿಂತ ಕಡಿಮೆ ಗಳಿಸುತ್ತವೆ ಎಂದು ಅದೇ ಗಣತಿ ಹೇಳಿತು. ಒಬ್ಬರ ಗಳಿಕೆಯಲ್ಲ ಗೆಳತಿಯರೇ, ಇಡೀ ಮನೆಯದು. ಈ ಗಣತಿಯ ಲೆಕ್ಕ ಕೈಗೆ ಬಂದ ಹೊತ್ತಿಗೇ, 2020ರ ಜುಲೈನಲ್ಲಿ, ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ದಿಲ್ಲಿಯವರು ರದ್ದು ಮಾಡಿದರು. ಹತ್ತು ದಿನ ಬಿಟ್ಟು ಆಗಸ್ಟ್ 7 ಬಂತು. ಭಾಷಣಗಳೇನೂ ರದ್ದಾಗಲಿಲ್ಲ.

ಉದಾರೀಕರಣ ಎಂಬ ಪದ ನಮ್ಮ ಕಿವಿಗೆ ಬಿದ್ದದ್ದು 1991ರಲ್ಲಿ. ಅದೇ ವರ್ಷ ನೂಲಿನ ಬೆಲೆ ಏರಿ ಪಕ್ಕದ ಆಂಧ್ರದ ಪ್ರಕಾಶಂ, ಗುಂಟೂರು ಜಿಲ್ಲೆಗಳಲ್ಲಿ ನೇಕಾರರು ಹಸಿವಿನಿಂದ ಸತ್ತ ಸುದ್ದಿ ಬಂತು. ಹತ್ತಿ ನೂಲಿನ ರಫ್ತು ಹೆಚ್ಚಾದದ್ದೂ ಆ ಬೆಲೆ ಏರಿಕೆಗೆ ಒಂದು ಕಾರಣ ಎಂದು ತಿಳಿದವರು ಹೇಳಿದರು. ನೂಲು ಹಡಗು ಹತ್ತಿದರೆ ಡಾಲರು ಬರುತ್ತದೆ, ಆದರೆ ಹಡಗು ಹತ್ತಿದ ನೂಲು ಕುಣಿಮಗ್ಗಕ್ಕೆ ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ಆಗ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘ ಬೀಜಕ್ಕಾಗಿ ಬೀದಿಗಿಳಿಯಿತು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿದರು, 1996ರ ಜನವರಿಯಲ್ಲಿ ಕೆಂಟಕಿ ಕೋಳಿ ಅಂಗಡಿಗೆ ನುಗ್ಗಿದರು. ಆ ವರ್ಷದ ನವೆಂಬರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ಬಂದಾಗ ಇಡೀ ನಾಡೇ ಮಾತಾಡಿತು. ಬೀಜಕ್ಕೆ ಬಾಯಿ ಬಂತು, ಕೋಳಿಗೆ ಬಂತು, ಸುಂದರಿಯರಿಗೂ ಬಂತು. ನೂಲಿಗೆ ಬರಲಿಲ್ಲ. 1985ರ ಕಾಯ್ದೆಯಲ್ಲಿ ಕೈಮಗ್ಗಕ್ಕೇ ಮೀಸಲೆಂದು ಇಟ್ಟಿದ್ದ 22 ಬಗೆಯ ಬಟ್ಟೆಗಳನ್ನು 1996ರಲ್ಲಿ 11ಕ್ಕೆ ಇಳಿಸಿದಾಗ ಯಾವ ಬೀದಿಯಲ್ಲಿ ಗದ್ದಲವಾಯಿತು, ನನಗಂತೂ ನೆನಪಿಲ್ಲ. ಗಿರಣಿಗಳು ದೇಶದೊಳಗೆ ಮಾರುವ ನೂಲಿನಲ್ಲಿ ಇಂತಿಷ್ಟನ್ನು ಲಡಿಯ ರೂಪದಲ್ಲಿ ಕೊಡಲೇಬೇಕೆಂಬ ನಿಯಮವಿದೆ. ಕೈಮಗ್ಗಕ್ಕೆ ಬೇಕಾದದ್ದು ಲಡಿಯೇ. ಅದು ನೂರಕ್ಕೆ 50 ಇದ್ದದ್ದು 2003ರಲ್ಲಿ 40 ಆಯಿತು, 2019ರಲ್ಲಿ 30 ಆಯಿತು. ಇಂಥ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬರುವುದಿಲ್ಲ. ಲಡಿ ಬಿಡಿಸುವವಳ ಮನೆಯಲ್ಲಿ ಮಾತ್ರ ರಾಟಿ ನಿಂತಾಗ ಗೊತ್ತಾಗುತ್ತದೆ.

ರೇಷ್ಮೆಯದೂ ಇದೇ ಕತೆ. ಆಮದು ರೇಷ್ಮೆಯ ಸುಂಕ 2011ರಲ್ಲಿ ನೂರಕ್ಕೆ 30ರಿಂದ 5ಕ್ಕೆ ಇಳಿಯಿತು, ಕೂಗಾಟವಾದ ಮೇಲೆ 2013ರಲ್ಲಿ 15ಕ್ಕೆ ಏರಿತು. ಇಳಿದರೆ ರೇಷ್ಮೆ ಬೆಳೆಯುವವಳು ಅಳಬೇಕು, ಏರಿದರೆ ನೇಯುವವಳು. ಇಬ್ಬರು ಬಡವಿಯರನ್ನು ತಕ್ಕಡಿಯ ಎರಡು ತಟ್ಟೆಯಲ್ಲಿ ಕೂರಿಸಿ ತೂಗುವ ಈ ಆಟಕ್ಕೆ ಮುಕ್ತ ಮಾರುಕಟ್ಟೆ ಎಂದು ಹೆಸರು.

ಈಗ ಹೆಸರಿನ ವಿಷಯ. ಇದರಲ್ಲಿ ಒಂದು ತಮಾಷೆಯಿದೆ. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಫ್ರಾನ್ಸಿನ ಷಾಂಪೇನ್ ಸೀಮೆಯವರು ತಮ್ಮ ಮದ್ಯದ ಹೆಸರನ್ನು ಬೇರೆಯವರು ಬಳಸಬಾರದು ಎನ್ನುತ್ತಾರಲ್ಲ, ಅಂಥ ಹಕ್ಕನ್ನೂ ಅದರ ಬೌದ್ಧಿಕ ಆಸ್ತಿಯ ಒಪ್ಪಂದದಲ್ಲಿ ಸೇರಿಸಿದರು. ಆ ಒಪ್ಪಂದದ ಬೆನ್ನಿಗೆ ನಮ್ಮಲ್ಲಿ 1999ರಲ್ಲಿ ಭೌಗೋಳಿಕ ಸೂಚಕಗಳ ಕಾಯ್ದೆ ಬಂತು, 2003ರ ಸೆಪ್ಟೆಂಬರಿನಲ್ಲಿ ಜಾರಿಯಾಯಿತು. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಸೂತಿ, ಮೂರೂ ಆ ಪಟ್ಟಿ ಸೇರಿವೆ. ಅಂದರೆ ನೂಲಿಗೆ ಕಷ್ಟ ತಂದ ಅದೇ ಜಾಗತೀಕರಣ ಹೆಸರಿಗೆ ಕಾವಲು ತಂದಿತು. ನಾನು ಇದನ್ನು ಹೀಗಳೆಯುವುದಿಲ್ಲ. ಕಾಯ್ದೆ ಬಲವಾದದ್ದೇ. ಸುಳ್ಳು ಹೆಸರು ಹಚ್ಚಿ ಮಾರಿದರೆ ಆರು ತಿಂಗಳಿಂದ ಮೂರು ವರ್ಷದ ಜೈಲು, 50,000ದಿಂದ 2 ಲಕ್ಷ ರೂಪಾಯಿ ದಂಡ ಎಂದು ಬರೆದಿದೆ.

ಬರೆದದ್ದು ಬರೆದಲ್ಲೇ ಇದೆ. ಕೆಲ ವರ್ಷದ ಹಿಂದೆ ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿದ್ದೆ. ಬನಶಂಕರಿ ದೇವಾಂಗದವರ ಕುಲದೇವಿ, ನೇಕಾರರ ತಾಯಿ. ಆಕೆಯ ತೇರು ಎಳೆಯುವ ಜಾತ್ರೆಯಲ್ಲೇ ಒಂದು ಅಂಗಡಿಯ ಮುಂದೆ ಇಳಕಲ್ ಸೀರೆ ಎಂದು ಬೋರ್ಡು ಹಾಕಿ ರಾಶಿ ಒಟ್ಟಿದ್ದರು. ಸೆರಗು ಹಿಡಿದು ಮಗುಚಿ ನೋಡಿದೆ. ಈಚೆ ಬದಿ ಕೆಂಪಿನಲ್ಲಿ ಬಿಳಿಯ ತೆನೆ, ಆಚೆ ಬದಿ ಮಸಕು. ಅಚ್ಚು ಹೊಡೆದದ್ದು. ಕೊಂಡಿಯ ಸುಳಿವೇ ಇಲ್ಲ. "ಇದು ಇಳಕಲ್ಲಿನದೇನಪಾ?" ಎಂದೆ. ಹುಡುಗನಿಗೆ ನಾಚಿಕೆಯೂ ಇಲ್ಲ, ಕಪಟವೂ ಇಲ್ಲ. "ಇಳಕಲ್ಲ ಅಂದ್ರ ಡಿಜೈನ ಅಮ್ಮಾರ. ಊರು ಯಾರಿಗೆ ಬೇಕ್ರೀ?" ಅಂದ.

ಜಾಗತೀಕರಣದ ಬಗ್ಗೆ ನಾನು ಓದಿದ ಯಾವ ಪುಸ್ತಕವೂ ಇಷ್ಟು ಸಣ್ಣ ಮಾತಿನಲ್ಲಿ ಇಷ್ಟು ಹೇಳಿರಲಿಲ್ಲ.

ನನ್ನ ಪಕ್ಕದಲ್ಲಿ ಹೊಲದ ಕೂಲಿಯ ಹೆಣ್ಣುಮಗಳೊಬ್ಬಳು ಅದೇ ರಾಶಿಯಿಂದ ಸೀರೆ ಆರಿಸುತ್ತಿದ್ದಳು. ಆಕೆಯನ್ನು ಬೈಯುವ ಅಧಿಕಾರ ನನಗಾಗಲಿ ನಿಮಗಾಗಲಿ ಇಲ್ಲ. ಆಕೆಯ ಕೂಲಿಗೆ ಎಟುಕುವುದು ಅದೇ. ನೇಯುವವಳೇ ತಾನು ನೇಯ್ದ ಸೀರೆ ಕೊಳ್ಳಲಾರದೆ ಅಚ್ಚಿನ ಸೀರೆ ಉಟ್ಟುಕೊಂಡು ಮಗ್ಗಕ್ಕೆ ಕೂತದ್ದನ್ನೂ ನೋಡಿದ್ದೇನೆ. ಪವರ್‌ಲೂಮಿನವರನ್ನು ಹಗೆಗಳಂತೆ ಚಿತ್ರಿಸುವುದೂ ನನಗೆ ಒಪ್ಪಿಗೆಯಿಲ್ಲ. ನಮ್ಮದೇ ಜಿಲ್ಲೆಯ ಬನಹಟ್ಟಿ, ರಬಕವಿಗಳಿಗೆ ಹೋಗಿ ನೋಡಿ, ಆ ಗದ್ದಲದಲ್ಲಿ ಕಿವಿ ಕಳೆದುಕೊಂಡು ದುಡಿಯುವವರೂ ನೇಕಾರರೇ, ಅವರ ಮನೆಯಲ್ಲೂ ಸಾಲವೇ. ಅವರು ನೇಯ್ದದ್ದನ್ನು ಅವರ ಹೆಸರಿನಲ್ಲಿ ಮಾರಲಿ. ಇವಳ ಹೆಸರು ಕದ್ದು ಮಾರುವವನ ಮೇಲೆ ನನ್ನ ಸಿಟ್ಟು. ಹೆಸರಿಗೆ ಕಾವಲು ಹಾಕಿ, ಕಾವಲುಗಾರನನ್ನು ನೇಮಿಸದ ಸರಕಾರದ ಮೇಲೆ ಇನ್ನೂ ಹೆಚ್ಚು.

ವಿದೇಶಿ ಬಂಡವಾಳ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ 2022ರ ನವೆಂಬರಿನಲ್ಲಿ 9.8 ಲಕ್ಷ ಕೋಟಿ, 2025ರ ಫೆಬ್ರುವರಿಯಲ್ಲಿ 10.27 ಲಕ್ಷ ಕೋಟಿ ರೂಪಾಯಿಯ ಹೂಡಿಕೆ ಎಂದು ಘೋಷಣೆಯಾಯಿತು. ಅಷ್ಟು ಸೊನ್ನೆ ಬರೆಯಲು ನನ್ನ ಕೈ ನೋಯುತ್ತದೆ. ಇರಲಿ, ಬರಲಿ, ಮಕ್ಕಳಿಗೆ ಕೆಲಸ ಸಿಗಲಿ. ಆದರೆ ಈ ಹಣಕ್ಕೆ ಯಾವುದರ ಮೇಲೆ ಆಸೆ ಎಂದು ಸ್ವಲ್ಪ ಗಮನಿಸಿ. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರು ಸುರಿದು ಫ್ಲಿಪ್‌ಕಾರ್ಟಿನ ನೂರಕ್ಕೆ 77 ಪಾಲು ಕೊಂಡಿತು. ಆ ಹಣ ಬಂದದ್ದು ಮಾರುವುದಕ್ಕೆ, ನೇಯುವುದಕ್ಕಲ್ಲ. ಇಳಕಲ್ಲಿನಲ್ಲೇ ನೋಡಿ. ಒಂದೇ ಊರಿನಿಂದ ಎರಡು ಸರಕು ಹೆಸರು ಮಾಡಿದವು, ಸೀರೆ ಮತ್ತು ಕೆಂಪು ಗ್ರಾನೈಟು. ಕಲ್ಲು ಗುಡ್ಡದಿಂದ ಇಡಿಯಾಗಿ ಎದ್ದು ಲಾರಿ ಹತ್ತಿ, ಹಡಗು ಹತ್ತಿ ಹೋಯಿತು. ಭಾರತದ ಗ್ರಾನೈಟು ಯುರೋಪಿನ ಸ್ಮಶಾನಗಳಲ್ಲಿ ಗೋರಿಕಲ್ಲಾಗಿ ನಿಂತಿದೆ. ಕಲ್ಲಿಗೆ ದಾರಿ ಸಲೀಸು. ಅದು ಕಂಡಿಕೆ ಕೇಳುವುದಿಲ್ಲ, ಕೊಂಡಿ ಕೇಳುವುದಿಲ್ಲ. ಕೈಯ ಕೆಲಸ ಕಡಿಮೆಯಾದಷ್ಟೂ ಬಂಡವಾಳಕ್ಕೆ ಪ್ರೀತಿ ಹೆಚ್ಚು.

ಹೊರಗಿನ ಹಣದ ಪರಿಚಯ ಬಾಗಲಕೋಟೆಯವರಿಗೆ ಹೊಸದೂ ಅಲ್ಲ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ನವನಗರ ಸೇರಿದವರು ನಾವು. ಆ ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕ್ ಸಾಲ ಕೊಟ್ಟಿತ್ತು. ಪುನರ್ವಸತಿ ನೆಟ್ಟಗಿಲ್ಲವೆಂದು 1990ರ ದಶಕದಲ್ಲಿ ಹಣ ತಡೆಹಿಡಿದದ್ದೂ ಉಂಟು, ಆ ಮಟ್ಟಿಗೆ ನಮ್ಮವರಿಗಿಂತ ಅವರ ಕಣ್ಣೇ ಚುರುಕು. ಆದರೂ ಅಳತೆಯ ದಿನ ಏನಾಯಿತು? ನಮ್ಮ ಓಣಿಯಲ್ಲಿ ಮಗ್ಗವಿದ್ದ ಮನೆಯ ಅಜ್ಜಿಯೊಬ್ಬರು ಗೋಡೆ, ಬಾಗಿಲು, ಬಾವಿ ಎಲ್ಲ ಬರೆಸಿ, "ಮಗ್ಗದ ಕುಣಿಗೆ ಎಷ್ಟ ಹಿಡದೀಯೋ ಯಪ್ಪಾ?" ಎಂದು ಕೇಳಿದರು. ಟೇಪು ಹಿಡಿದಿದ್ದವನು ಬಗ್ಗಿ ನೋಡಿ, "ಅದು ತಗ್ಗು ಅಲ್ಲೇನಬೇ?" ಅಂದ. ತಗ್ಗಿಗೆ ಪರಿಹಾರವಿಲ್ಲ. ಮೂರು ತಲೆಮಾರು ಕಾಲಿಳಿಬಿಟ್ಟು ಕೂತು ಅನ್ನ ತೆಗೆದ ಜಾಗ ಅದು.

ಲೆಕ್ಕದ ತಕರಾರು ಎಂದು ನಾನು ಹೇಳಿದ್ದು ಇದಕ್ಕೇ. ಗಣತಿಯವನಿಗೆ ಆಕೆ ಮನೆಯಲ್ಲಿರುವವಳು, ಅಳತೆಯವನಿಗೆ ಆಕೆಯ ಮಗ್ಗ ತಗ್ಗು, ಅಂಗಡಿಯವನಿಗೆ ಆಕೆಯ ಊರು ಡಿಜೈನು. ಐನೂರ್ವರ ಶಾಸನಗಳ ಬಿರುದಾವಳಿಯಲ್ಲೂ ವರ್ತಕರ ಪರಾಕ್ರಮವೇ ಪರಾಕ್ರಮ, ನೂಲು ಸುತ್ತಿದವಳ ಸುದ್ದಿಯಿಲ್ಲ. ಸಾವಿರ ವರ್ಷದಲ್ಲಿ ಅಷ್ಟು ಮಾತ್ರ ಬದಲಾಗಲಿಲ್ಲ ನೋಡಿ.

ನನ್ನ ಅಣ್ಣನ ಮಗಳು ಅಮೆರಿಕದಲ್ಲಿದ್ದಾಳೆ. ಪ್ರತಿ ಸಂಕ್ರಾಂತಿಗೆ ಇಳಕಲ್ ಸೀರೆ ಉಟ್ಟು ಫೋಟೋ ಕಳಿಸುತ್ತಾಳೆ. ಅಲ್ಲಿಯವರು ಹೊಗಳುತ್ತಾರಂತೆ, ಒಳ್ಳೆಯ ಬೆಲೆ ಕೊಡಲು ತಯಾರಂತೆ. "ಅತ್ಯಾ, ಜಾಗತೀಕರಣ ಕೆಟ್ಟದ್ದಂತೀ, ಇದೂ ಅದ ಅಲ್ಲೇನ?" ಎಂದು ಫೋನಿನಲ್ಲಿ ಜಗಳ ತೆಗೆದಳು. ಹುಡುಗಿ ಹೇಳಿದ್ದರಲ್ಲಿ ಹುರುಳಿದೆ. ನಾನು ಕೇಳಿದ್ದು ಇಷ್ಟೇ: "ನೀ ಕೊಟ್ಟ ರೊಕ್ಕದಾಗ ಕಂಡಿಕಿ ಸುತ್ತಿದಾಕಿಗೆ ಎಷ್ಟ ಮುಟ್ಟಿತು, ಅದನ್ನ ಕೇಳಿ ತಿಳಕೊಂಡಿ ಏನು?" ಕೇಳಿರಲಿಲ್ಲ. ಕೇಳಿದ್ದರೂ ಹೇಳುವವರಿರಲಿಲ್ಲ. ಸೀರೆಯ ಪೊಟ್ಟಣದ ಮೇಲೆ ಬೆಲೆ ಇರುತ್ತದೆ, ಮಜೂರಿ ಇರುವುದಿಲ್ಲ.

ಇರಬೇಕು ಎನ್ನುವುದು ನನ್ನ ವಾದ. ಸೀರೆಗೆ ಕೊಡುವ ಮಜೂರಿಯಲ್ಲಿ ಮಗ್ಗಪೂರ್ವದ ಕೆಲಸಕ್ಕೆ ಬೇರೆ ಪಾಲು ಬರೆಯಬೇಕು, ಅದು ಮಾಡಿದವಳ ಖಾತೆಗೇ ಹೋಗಬೇಕು. ಭೌಗೋಳಿಕ ಸೂಚಕದ ಕಾಯ್ದೆಯಲ್ಲಿ ಅಧಿಕೃತ ಬಳಕೆದಾರರೆಂದು ನೋಂದಣಿ ಮಾಡಿಸುವ ಸೌಲಭ್ಯವಿದೆ. ಅದರಲ್ಲಿ ಸಾಹುಕಾರರ, ಸಂಘಗಳ ಹೆಸರಷ್ಟೇ ಸಾಲದು, ಕೊಂಡಿ ಹಾಕುವವಳ ಹೆಸರು ಬರಬೇಕು. ಇದಕ್ಕೆಲ್ಲ ಜಿನೀವಾಕ್ಕೆ ಹೋಗಬೇಕಾಗಿಲ್ಲ, ಬಾಗಲಕೋಟೆಯ ಜಿಲ್ಲಾ ಕಚೇರಿ ಮನಸ್ಸು ಮಾಡಿದರೆ ಸಾಕು. ಅವರು ತಾವಾಗಿ ಮನಸ್ಸು ಮಾಡುವುದಿಲ್ಲ, ಅದೂ ನಿಜ. ಕೈಮಗ್ಗ ದಿನದಂದು ಸೀರೆ ಉಟ್ಟು ಸಾಲಾಗಿ ಕೂರುವ ನಾವು ಎದ್ದು ನಿಂತು ಕೇಳಬೇಕು.

ಅಲ್ಲಿಯವರೆಗೆ ನಾನು ಒಂದು ಸಣ್ಣ ಕೆಲಸ ಹಚ್ಚಿಕೊಂಡಿದ್ದೇನೆ. ಇಳಕಲ್ ಸೀರೆ ಎಂದು ತೋರಿಸಿದ ಕೂಡಲೇ ಸೆರಗನ್ನು ಮಗುಚಿ ಕೊಂಡಿ ಹುಡುಕುತ್ತೇನೆ. ಆಮೇಲೆ ಬಿಲ್ಲಿನ ಮೇಲೆ ಕೈಮಗ್ಗದ್ದು, ಇಳಕಲ್ಲಿನದು, ಸೆರಗು ರೇಷ್ಮೆಯದೋ ಚಮಕಾದ್ದೋ, ಇಷ್ಟನ್ನೂ ಬರೆದು ಸಹಿ ಹಾಕಿಕೊಡಿ ಎನ್ನುತ್ತೇನೆ. ಹೋದ ದೀಪಾವಳಿಗೆ ಮೂರು ಅಂಗಡಿ ಹತ್ತಿದೆ. ಮೊದಲನೆಯವರು ಕಕ್ಕಾಬಿಕ್ಕಿಯಾಗಿ, ಒಳಗೆ ಹೋಗಿ ಹಿರಿಯರನ್ನು ಕೇಳಿಕೊಂಡು ಬಂದು ಬರೆದರು. ಎರಡನೆಯವರು, "ಇಂಥಾ ಗಿರಾಕಿ ಬಂದು ಭಾಳ ವರ್ಷ ಆಗಿತ್ರೀ" ಎಂದು ಖುಷಿಯಿಂದಲೇ ಬರೆದು, ನೇಯ್ದ ಮನೆಯ ಓಣಿಯ ಗುರುತನ್ನೂ ಹೇಳಿದರು. ಮೂರನೆಯವರು ಬರೆಯಲಿಲ್ಲ. ಮಡಿಕೆ ಬಿಚ್ಚಿದ ಸೀರೆಯನ್ನು ಮಡಚಿ ಅವರ ಗಾದಿಯ ಮೇಲಿಟ್ಟು ಎದ್ದು ಬಂದೆ.